ದಿನದ ಜಪಸರದ ಜೊತೆ ನಿಂಬೆಹಣ್ಣು: ಹೇಗೆ ಬಳಸಬೇಕು, ಮಣಿಗೆ ಹಾನಿ ಇದೆಯೇ?

ಹಳದಿಹೂ:

ಸಂಜೆ ಮಾತೆ ಮರಿಯಮ್ಮನವರ ಸ್ವರೂಪದ (ಪ್ರತಿಮೆಯ) ಮುಂದೆ ಕೂತು ಐದು ರಹಸ್ಯಗಳ ಜಪಸರ (ರೋಸರಿ) ಹೇಳುವುದು ಸದ್ಯದ ಕ್ರಮ. ರಹಸ್ಯ ಅಂದರೆ ಯೇಸು, ಮರಿಯಮ್ಮ ಇವರ ಬದುಕಿನ ಒಂದು ಘಟನೆ, ಹತ್ತು ಮಣಿ ಜಪಿಸುತ್ತಾ ಧ್ಯಾನಿಸುವಂಥದ್ದು. ಇದಕ್ಕೆ ನಿಂಬೆಹಣ್ಣನ್ನೂ ಸೇರಿಸಿಕೊಳ್ಳುವ ಯೋಚನೆಯಿದೆ. ಐದು ರಹಸ್ಯಕ್ಕೆ ಐದು ಹಣ್ಣು ಸಾಲಾಗಿಟ್ಟು, ಒಂದೊಂದು ರಹಸ್ಯ ಮುಗಿದಂತೆ ಒಂದೊಂದನ್ನು ಎಡದಿಂದ ಬಲಕ್ಕೆ ಸರಿಸುವುದು, ಧ್ಯಾನದ ಹೊತ್ತಲ್ಲಿ ಹಣ್ಣನ್ನು ಕೈಯಲ್ಲಿ ಹಿಡಿದು ಅದರ ಪರಿಮಳದಲ್ಲಿ ಮನಸ್ಸು ನಿಲ್ಲಿಸುವುದು.

ಇರುವ ಜಪಸರ ಎರಡು. ಒಂದು ಆಲಿವ್ ಮರದ ಮಣಿಯದು, ಕೊಂಡಿಗಳು ಹಿತ್ತಾಳೆ. ಇನ್ನೊಂದು ಮುತ್ತಿನ ಚಿಪ್ಪಿನದು. ನಿಂಬೆ ಮುಟ್ಟಿದ ಕೈಯಲ್ಲಿ ಇವನ್ನು ಹಿಡಿಯಬಹುದೇ? ಹಣ್ಣು ಎಷ್ಟು ದಿನ ಕೆಡದೆ ಇರುತ್ತದೆ? ಆಮೇಲೆ ಅಡುಗೆಗೆ ಬಳಸಿದರೆ ತಪ್ಪೇ? ಹಣ್ಣನ್ನೂ ಗುರುಗಳಿಂದ ಆಶೀರ್ವದಿಸಿಕೊಳ್ಳಬೇಕೇ? ಧರ್ಮಸಭೆಯ (ಕ್ಯಾಥೊಲಿಕ್ ಚರ್ಚಿನ) ದೃಷ್ಟಿಯಲ್ಲಿ ಇದಕ್ಕೆ ಆಕ್ಷೇಪಣೆ ಏನಾದರೂ ಇದೆಯೇ? ತಿಳಿದವರು ಹೇಳಿ.

ಐವತ್ಮೂರುಮಣಿ:

ಎಣಿಕೆಯಿಂದಲೇ ಶುರು ಮಾಡೋಣ. ಜಪಸರದಲ್ಲಿ ಎರಡು ಲೆಕ್ಕ ಇಡಬೇಕು. ಹತ್ತು 'ನಮೋ ಮರಿಯಾ' ಪ್ರಾರ್ಥನೆ ಮುಗಿಯಿತೇ ಎಂಬುದು ಒಂದು, ಎಷ್ಟನೇ ರಹಸ್ಯದಲ್ಲಿದ್ದೇವೆ ಎಂಬುದು ಇನ್ನೊಂದು. 59 ಮಣಿಯ ಪೂರ್ತಿ ಸರ (ನಮೋ ಮರಿಯಾಗೆ 53 ಸಣ್ಣ ಮಣಿ, 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆಗೆ 6 ದೊಡ್ಡ ಮಣಿ) ಕೈಯಲ್ಲಿದ್ದರೆ ಎರಡು ಲೆಕ್ಕವೂ ಬೆರಳಿಗೇ ಸಿಗುತ್ತವೆ. ಅದರ ಮೇಲೆ ಹಣ್ಣನ್ನೂ ಸರಿಸುವುದು ಅನಗತ್ಯ ಕೆಲಸ, ಧ್ಯಾನಕ್ಕೆ ಅಡ್ಡಿ. ಹಣ್ಣಿನ ಎಣಿಕೆ ನಿಜಕ್ಕೂ ಉಪಯೋಗಕ್ಕೆ ಬರುವುದು ಹತ್ತೇ ಮಣಿಯ ಸಣ್ಣ ಸರ ಅಥವಾ ಜಪದ ಉಂಗುರ ಇದ್ದಾಗ. ಅದನ್ನೇ ಐದು ಸುತ್ತು ತಿರುಗಿಸುವಾಗ ಇದು ಮೂರನೆಯದೋ ನಾಲ್ಕನೆಯದೋ ಎಂಬ ಗೊಂದಲ ಬಂದೇ ಬರುತ್ತದೆ.

ಸರಿಸುವ ಕ್ಷಣವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. 'ಪಿತನಿಗೂ ಸುತನಿಗೂ' ಹೇಳಿ, ಫಾತಿಮಾ ಪ್ರಾರ್ಥನೆ ಹೇಳುವ ರೂಢಿಯಿದ್ದರೆ ಅದನ್ನೂ ಮುಗಿಸಿ, ಮುಂದಿನ ರಹಸ್ಯದ ಹೆಸರು ಹೇಳುವ ಮುಂಚೆ ಸರಿಸಿದರೆ ಬಲಗಡೆ ಇರುವಷ್ಟು ರಹಸ್ಯ ಮುಗಿದಿವೆ ಎಂದು ಅರ್ಥ. ಕೆಲವರು ದೊಡ್ಡ ಮಣಿಗೆ ಬಂದಾಗ, ಅಂದರೆ ರಹಸ್ಯ ಶುರುವಾಗುವಾಗ ಸರಿಸುತ್ತಾರೆ. ಅದೂ ಸರಿಯೇ. ಒಂದು ದಿನ ಹಾಗೆ, ಒಂದು ದಿನ ಹೀಗೆ ಮಾಡಿದರೆ ಮಾತ್ರ ಒಂದು ರಹಸ್ಯ ಬಿಟ್ಟುಹೋಗುತ್ತದೆ, ಇಲ್ಲವೇ ಎರಡು ಸಲ ಆಗುತ್ತದೆ. ಶಿಲುಬೆಯಿಂದ ಶುರುವಾಗುವ ಬಾಲದ ಭಾಗಕ್ಕೆ (ವಿಶ್ವಾಸ ಪ್ರಮಾಣ, ಒಂದು ದೊಡ್ಡ ಮಣಿ, ವಿಶ್ವಾಸ ಭರವಸೆ ಪ್ರೀತಿಗಾಗಿ ಮೂರು ಸಣ್ಣ ಮಣಿ) ಹಣ್ಣು ಬೇಡ.

ನನ್ನ ಸಲಹೆ ಕೇಳಿದರೆ ಐದು ಹಣ್ಣು ಬಿಟ್ಟು ಒಂದೇ ಇಡಿ. ರಹಸ್ಯದ ಹೆಸರು ಹೇಳಿ, ಅರ್ಧ ನಿಮಿಷದಿಂದ ಒಂದು ನಿಮಿಷ ಹಣ್ಣನ್ನು ಎರಡೂ ಅಂಗೈಯಲ್ಲಿ ಹಿಡಿದು ಸುಮ್ಮನಿರಿ. ಕೆಳಗಿಡಿ. ಆಮೇಲೆ ಸರ ಎತ್ತಿಕೊಳ್ಳಿ. ಬಹುತೇಕ ಮಂದಿ ಹೆಸರು ಹೇಳಿದ ಕೂಡಲೇ ಪ್ರಾರ್ಥನೆಗೆ ಓಡುತ್ತಾರೆ, ಆ ಮೌನ ಕೈತಪ್ಪುತ್ತದೆ. ಧ್ಯಾನವಿಲ್ಲದ ಜಪಸರ ಆತ್ಮವಿಲ್ಲದ ದೇಹ ಎಂದು ಆರನೇ ಪೌಲ್ ಜಗದ್ಗುರುಗಳು (ಪೋಪ್) 1974ರಲ್ಲಿ ಬರೆದದ್ದು ಇದೇ ಕಾರಣಕ್ಕೆ. ಹಣ್ಣು ಮೌನದ ಹೊತ್ತಿಗೆ, ಮಣಿ ಮಾತಿನ ಹೊತ್ತಿಗೆ ಎಂದು ಪಾಲು ಮಾಡಿಕೊಂಡರೆ ಎರಡೂ ಒಂದೇ ಸಲ ಕೈಯಲ್ಲಿರುವ ಪ್ರಸಂಗವೇ ಬರುವುದಿಲ್ಲ.

ಧ್ಯಾನಕ್ಕೆ ನಿಂಬೆಯಲ್ಲಿ ವಸ್ತುವಿಗೆ ಕೊರತೆಯಿಲ್ಲ. ನಿಂಬೆ ಗಿಡದಲ್ಲಿ ಹೂವೂ ಹಣ್ಣೂ ಒಟ್ಟೊಟ್ಟಿಗೇ ಇರುತ್ತವೆ. ಕನ್ಯೆಯೂ ಹೌದು, ತಾಯಿಯೂ ಹೌದು ಎಂಬುದಕ್ಕೆ ಇದಕ್ಕಿಂತ ಹೊಂದುವ ಗಿಡ ಸಿಗುವುದು ಕಷ್ಟ. ಇಟಲಿಯ ಗಿರೋಲಾಮೊ ದಾಯ್ ಲಿಬ್ರಿ 16ನೇ ಶತಮಾನದ ಆರಂಭದಲ್ಲಿ ಬಿಡಿಸಿದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಚಿತ್ರದಲ್ಲಿ ಮರಿಯಮ್ಮ, ಬಾಲಯೇಸು, ಮರಿಯಮ್ಮನ ತಾಯಿ ಸಂತ ಅನ್ನಮ್ಮ ಇವರ ಬೆನ್ನ ಹಿಂದೆ ನಿಂತಿರುವುದು ನಿಂಬೆ ಮರವೇ. ಸೋಮವಾರ, ಶನಿವಾರದ ಸಂತೋಷದ ರಹಸ್ಯಗಳಿಗೆ ಈ ಹೂ-ಹಣ್ಣಿನ ಚಿತ್ರ ಸಾಕು. ಆದರೆ ನಾಲ್ಕನೆಯದಕ್ಕೆ, ಬಾಲಯೇಸುವನ್ನು ದೇವಾಲಯದಲ್ಲಿ ಕಾಣಿಕೆಯಾಗಿ ಒಪ್ಪಿಸಿದ ರಹಸ್ಯಕ್ಕೆ, ಬಂದಾಗ ಸಿಪ್ಪೆಯ ಪರಿಮಳದ ಒಳಗಿರುವ ಹುಳಿಯನ್ನು ನೆನೆಯಿರಿ. ತಾಯಿಯ ಹೃದಯವನ್ನು ಖಡ್ಗ ಇರಿಯುತ್ತದೆ ಎಂದು ಸಿಮೆಯೋನ ಹೇಳಿದ್ದು ಅಲ್ಲಿಯೇ. ಮಂಗಳವಾರ, ಶುಕ್ರವಾರದ ದುಃಖದ ರಹಸ್ಯಗಳಲ್ಲಿ ಐದನೆಯದಕ್ಕೆ, ಯೇಸು ಶಿಲುಬೆಯ ಮೇಲೆ ಸತ್ತ ರಹಸ್ಯಕ್ಕೆ, ಯೊವಾನ್ನರ ಸುವಾರ್ತೆಯ 19ನೇ ಅಧ್ಯಾಯದ ಹುಳಿರಸದಲ್ಲಿ ಅದ್ದಿದ ಸ್ಪಂಜು ತಾನಾಗಿ ನೆನಪಿಗೆ ಬರುತ್ತದೆ. ಬುಧವಾರ ಮತ್ತು ಭಾನುವಾರದ ಮಹಿಮೆಯ ರಹಸ್ಯಗಳಿಗೂ, 2002ರಲ್ಲಿ ಎರಡನೇ ಜಾನ್ ಪೌಲ್ ಜಗದ್ಗುರುಗಳು ಸೇರಿಸಿದ ಗುರುವಾರದ ಬೆಳಕಿನ ರಹಸ್ಯಗಳಿಗೂ ನಿಂಬೆಯನ್ನು ಎಳೆದು ತರಬೇಡಿ. ಪ್ರತಿಯೊಂದಕ್ಕೂ ಸಂಕೇತ ಹುಡುಕಲು ಹೊರಟರೆ ಧ್ಯಾನ ಒಗಟು ಬಿಡಿಸುವ ಆಟವಾಗುತ್ತದೆ.

ಕೊಂಡಿತಂತಿ:

ಮಣಿಯ ಪ್ರಶ್ನೆಗೆ ಉತ್ತರ. ಮುತ್ತಿನ ಚಿಪ್ಪಿನ ಸರವನ್ನು ನಿಂಬೆಯ ಹತ್ತಿರಕ್ಕೂ ತರಬೇಡಿ. ಚಿಪ್ಪು, ಮುತ್ತು, ಹವಳ ಮೂರೂ ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆರಸದಲ್ಲಿ ಸುಮಾರು 5-6 ಶೇಕಡಾ ಸಿಟ್ರಿಕ್ ಆಮ್ಲ ಇರುತ್ತದೆ. ಅದು ತಾಗಿದ ಜಾಗದಲ್ಲಿ ಮೇಲ್ಮೈ ಕರಗಿ ಹೊಳಪು ಹೋಗುತ್ತದೆ. ಉಜ್ಜಿದರೂ ತೊಳೆದರೂ ಆ ಹೊಳಪು ವಾಪಸು ಬರದು.

ಆಲಿವ್ ಮರಕ್ಕೆ ಅಷ್ಟು ಭಯವಿಲ್ಲ, ಆದರೂ ಕಾರಣ ತಿಳಿದಿರಲಿ. ಹಾನಿ ಮಾಡುವುದು ರಸ ಒಂದೇ ಅಲ್ಲ, ಸಿಪ್ಪೆಯ ಎಣ್ಣೆಯೂ ಹೌದು. ಅದರಲ್ಲಿರುವ ಲಿಮೊನೀನ್ ಒಳ್ಳೆಯ ದ್ರಾವಕ. ಮರದ ಮಣಿಗೆ ಹಚ್ಚಿದ ಮೇಣವನ್ನು ಅದು ಕರಗಿಸುತ್ತದೆ, ಆಮೇಲೆ ಬೆವರು ಒಳಗಿಳಿದು ಮಣಿ ಅಲ್ಲಲ್ಲಿ ಕಪ್ಪಾಗುತ್ತದೆ. ಅಗ್ಗದ ಪ್ಲಾಸ್ಟಿಕ್ ಮಣಿಗಳಲ್ಲಿ ಪಾಲಿಸ್ಟೈರೀನ್ ಇದ್ದರಂತೂ ಲಿಮೊನೀನ್ ತಾಗಿದಲ್ಲಿ ಮೆತ್ತಗಾಗಿ, ಮಂಕಾಗಿ, ಬೆರಳಿಗೆ ಅಂಟುತ್ತದೆ. ನಕಲಿ ಮುತ್ತಿನ ಮೇಲಿನ ಲೇಪವೂ ಹೀಗೆಯೇ ಏಳುತ್ತದೆ. ಗಾಜು, ಸ್ಫಟಿಕ, ಸ್ಟೀಲ್ ಇವಕ್ಕೆ ಏನೂ ಆಗುವುದಿಲ್ಲ.

ಗಾಯವಿಲ್ಲದ ಇಡೀ ಹಣ್ಣನ್ನು ಒಣ ಕೈಯಲ್ಲಿ ಹಿಡಿದರೆ ಎಣ್ಣೆ ಹತ್ತುವುದು ತೀರಾ ಕಡಿಮೆ. ಉಗುರಿನಿಂದ ಕೆರೆದು ಮೂಸುವ ಅಭ್ಯಾಸ ಇದೆಯಲ್ಲ, ಅಲ್ಲಿ ತೊಂದರೆ. ಕೆರೆದಾಗ ಸಿಪ್ಪೆಯ ಎಣ್ಣೆಚೀಲಗಳು ಒಡೆದು ಬೆರಳಿಡೀ ಎಣ್ಣೆಯಾಗುತ್ತದೆ. ಪರಿಮಳ ಹೆಚ್ಚು ಬೇಕಿದ್ದರೆ ಬಟ್ಟೆಯ ತುಂಡಿಗೆ ಸಿಪ್ಪೆ ಉಜ್ಜಿ ಹತ್ತಿರ ಇಟ್ಟುಕೊಳ್ಳಿ. ಮೇಣದಬತ್ತಿ ಉರಿಯುತ್ತಿದ್ದರೆ ಸಿಪ್ಪೆಯನ್ನು ಅದರ ಬಳಿ ಹಿಂಡಬೇಡಿ, ಸಿಡಿಯುವ ಎಣ್ಣೆಹನಿ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಕೇಳದಿದ್ದರೂ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ನಿಂಬೆ ಕೈಗೆ ಬಂದ ಕೂಡಲೇ ಹಿತ್ತಾಳೆ ತಿಕ್ಕುವ ಆಸೆ ಹುಟ್ಟುತ್ತದೆ. ಪೋಣಿಸಿದ ಸರವನ್ನು ನಿಂಬೆ-ಉಪ್ಪಿನಲ್ಲಿ ತೊಳೆಯಲೇಬೇಡಿ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಸತು ಹೋಗಿ ಮೇಲ್ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದಕ್ಕಿಂತ ಕೆಟ್ಟದ್ದು ಕೊಂಡಿಗಳ ಸಂದಿಯಲ್ಲಿ ಉಳಿಯುವ ತೇವ. ಕೆಲವೇ ದಿನಗಳಲ್ಲಿ ಅಲ್ಲಿ ಹಸಿರು ಕಿಲುಬು ಕಟ್ಟುತ್ತದೆ, ತಂತಿ ಸವೆದು ಸರ ಅಲ್ಲೇ ತುಂಡಾಗುತ್ತದೆ. ಹತ್ತಿ ದಾರದ ಸರವಾದರೆ ಒಣಗಿದ ಆಮ್ಲವೇ ದಾರವನ್ನು ಕೊರೆಯುತ್ತದೆ.

ಶಿಲುಬೆ ಅಥವಾ ಪದಕ ತೀರಾ ಕಪ್ಪಾಗಿದ್ದರೆ ಕೊಂಡಿ ಬಿಚ್ಚಿ ಅದನ್ನು ಬೇರೆ ಮಾಡಿ. ನಿಂಬೆಹೋಳಿನಿಂದ ಒಂದು ನಿಮಿಷ ಮೆಲ್ಲಗೆ ಉಜ್ಜಿ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಕಲಸಿ ಅದರಲ್ಲಿ ಅದ್ದಿ, ಬರಿ ನೀರಲ್ಲಿ ತೊಳೆದು, ಕೂಡಲೇ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಬೇರೆ ಲೋಹದ ಲೇಪ ಕೊಟ್ಟ ಪದಕಕ್ಕೆ ಇದು ಬೇಡ, ಲೇಪ ಹೋಗಿ ಒಳಗಿನ ಲೋಹ ಕಾಣುತ್ತದೆ. ಬೆಳ್ಳಿಗೆ ನಿಂಬೆಯಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲ, ಏಕೆಂದರೆ ಬೆಳ್ಳಿಯ ಕಪ್ಪು ಗಂಧಕದ ಕಪ್ಪು. ಮರದ ಮಣಿಗೆ ಒಣ ಬಟ್ಟೆ ಸಾಕು.

ತೊಟ್ಟು_ಎಲೆ:

ಹಣ್ಣಿನ ಬಾಳಿಕೆ ಬಗ್ಗೆ. ತೊಟ್ಟಿನ ಹಸಿರು ಬಿಲ್ಲೆ ಇನ್ನೂ ಅಂಟಿಕೊಂಡಿರುವ ಹಣ್ಣು ಆರಿಸಿ. ಅದು ಉದುರಿದ ಹಣ್ಣಿಗೆ ತೊಟ್ಟಿನ ಕುಳಿಯಿಂದಲೇ ಕೊಳೆ ಶುರುವಾಗುತ್ತದೆ. ಬರಿ ನೀರಲ್ಲಿ ತೊಳೆದು ಪೂರ್ತಿ ಒರೆಸಿ. ಹೊರಗಿಟ್ಟರೆ ಸುಮಾರು ಒಂದು ವಾರ ಚೆನ್ನಾಗಿರುತ್ತದೆ, ಆಮೇಲೆ ಸಿಪ್ಪೆ ಬಿಗಿದು ಚರ್ಮದ ಹಾಗೆ ಗಟ್ಟಿಯಾಗುತ್ತದೆ, ಪರಿಮಳ ಇಳಿಯುತ್ತದೆ. ಫ್ರಿಜ್ಜಿನಲ್ಲಿ ಮುಚ್ಚಿದ ಚೀಲದಲ್ಲಿ ಮೂರು-ನಾಲ್ಕು ವಾರ ತಡೆಯುತ್ತದೆ.

ಹಾಗಾಗಿ ಪ್ರಾರ್ಥನೆಗೆ ಅರ್ಧ ಗಂಟೆ ಮುಂಚೆ ಫ್ರಿಜ್ಜಿನಿಂದ ತೆಗೆಯಿರಿ, ಮುಗಿದ ಮೇಲೆ ವಾಪಸು ಇಡಿ. ತಣ್ಣಗಿರುವ ಹಣ್ಣಿಗೆ ವಾಸನೆ ಬರುವುದಿಲ್ಲ. ತೆಗೆದ ಹತ್ತು ನಿಮಿಷಕ್ಕೆ ಅದು ಬೆವರುತ್ತದೆ, ಆ ಹನಿಗಳನ್ನು ಒರೆಸದಿದ್ದರೆ ಬೂಷ್ಟಿಗೆ ನಾವೇ ಜಾಗ ಮಾಡಿಕೊಟ್ಟ ಹಾಗೆ. ತಟ್ಟೆಯಲ್ಲಿ ಹಣ್ಣುಗಳ ನಡುವೆ ಒಂದು ಬೆರಳಿನ ಅಂತರ ಇರಲಿ. ನಿಂಬೆಜಾತಿಯ ನೀಲಿ ಬೂಷ್ಟು ಪಕ್ಕದ ಹಣ್ಣಿಗೆ ತಾಗಿಯೇ ಹರಡುತ್ತದೆ. ಮೊದಲು ಸಿಪ್ಪೆ ಮೆತ್ತಗಾಗಿ ನೀರುಗಟ್ಟಿದಂತೆ ಕಾಣುತ್ತದೆ, ಆಮೇಲೆ ಬಿಳಿ, ಕೊನೆಗೆ ಹಸಿರು ಅಥವಾ ನೀಲಿ ಪುಡಿ. ಮೆತ್ತಗಾದಾಗಲೇ ತೆಗೆದುಬಿಡಿ. ಪುಡಿ ಬಂದ ಹಣ್ಣನ್ನು ಮೂಸಬೇಡಿ, ತಟ್ಟೆಯನ್ನು ಸೋಪು ಹಾಕಿ ತೊಳೆಯಿರಿ.

ಪರಿಮಳ ಬೇಕು, ದಿನಾ ಹಣ್ಣು ಬದಲಿಸುವ ರಗಳೆ ಬೇಡ ಎನ್ನುವವರಿಗೆ ಲವಂಗ ಚುಚ್ಚಿದ ನಿಂಬೆ ಒಳ್ಳೆಯದು. ದಿನಕ್ಕೆ ಒಂದೇ ರಹಸ್ಯ ಹೇಳುವವರಿಗೆ ಹೇಳಿ ಮಾಡಿಸಿದಂತಿದೆ. ಒಂದು ನಮೋ ಮರಿಯಾಗೆ ಒಂದು ಲವಂಗ, ದಿನಕ್ಕೆ ಹತ್ತು, ಐದು ದಿನಕ್ಕೆ ಐವತ್ತು. ತೊಟ್ಟಿನಿಂದ ತುದಿಗೆ ಐದು ಉದ್ದ ಸಾಲು ಮಾಡಿ. ದಪ್ಪ ಸೂಜಿಯಿಂದ ಮೊದಲು ತೂತು ಮಾಡಿಕೊಂಡು ಲವಂಗ ಇಳಿಸಿ, ಬರಿಗೈಯಲ್ಲಿ ಒತ್ತಿದರೆ ಲವಂಗದ ತಲೆ ಮುರಿಯುತ್ತದೆ, ಬೆರಳೂ ನೋಯುತ್ತದೆ. ಎರಡು ಲವಂಗದ ನಡುವೆ ಇನ್ನೊಂದು ತಲೆ ಹಿಡಿಯುವಷ್ಟು ಜಾಗ ಬಿಡಿ. ಹಣ್ಣು ಒಣಗುತ್ತಾ ಕುಗ್ಗುತ್ತದೆ, ಒತ್ತೊತ್ತಾಗಿ ಚುಚ್ಚಿದರೆ ಸಿಪ್ಪೆ ಸೀಳುತ್ತದೆ.

ಇದರಲ್ಲಿ ಒಂದು ತೊಡಕಿದೆ. ಐದು ದಿನ ನಿಧಾನವಾಗಿ ಚುಚ್ಚುವಾಗ ತೂತಿನಿಂದ ರಸ ಒಸರುತ್ತದೆ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಬೂಷ್ಟನ್ನು ತಡೆಯುತ್ತದೆ ನಿಜ, ಆದರೆ ಐವತ್ತೇ ಲವಂಗ ಎಂದರೆ ಸಾಲುಗಳ ನಡುವೆ ಬರಿ ಸಿಪ್ಪೆ ಸಾಕಷ್ಟು ಉಳಿಯುತ್ತದೆ. ಹವೆ ತೇವವಾಗಿದ್ದರೆ ಅಲ್ಲಿ ಕೊಳೆಯುತ್ತದೆ. ಅಂಥ ಸಮಯದಲ್ಲಿ ಸಣ್ಣ ಹಣ್ಣು ಆರಿಸಿ, ಲವಂಗದ ಪುಡಿ ಅಥವಾ ಚಕ್ಕೆಪುಡಿಯಲ್ಲಿ ಹೊರಳಿಸಿ, ಗಾಳಿಯಾಡುವ ಕಡೆ ತೂಗುಹಾಕಿ. ಡಬ್ಬಿಯಲ್ಲಿ ಮುಚ್ಚಿದರೆ ಕೆಟ್ಟಂತೆಯೇ. ಪೂರ್ತಿ ಒಣಗಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಒಣಗಿದ್ದು ಕೈಗೆ ಹಗುರವಾಗಿ, ತಟ್ಟಿದರೆ ಟೊಳ್ಳು ಸದ್ದು ಮಾಡುತ್ತದೆ.

ಇನ್ನೊಂದು: ನಿಂಬೆ ಹಿಂಡಿದ ಅಥವಾ ಸಿಪ್ಪೆ ಕೆರೆದ ಕೈಯನ್ನು ತೊಳೆಯದೆ ಬಿಸಿಲಲ್ಲಿ ಕೂತು ಜಪಸರ ಹೇಳಬೇಡಿ. ಆ ಎಣ್ಣೆ ಚರ್ಮದ ಮೇಲಿದ್ದು ಬಿಸಿಲು ಬಿದ್ದರೆ ಸುಟ್ಟಂಥ ಕಲೆ, ಕೆಲವೊಮ್ಮೆ ಗುಳ್ಳೆ ಏಳುತ್ತದೆ.

ಉಪದೇಶಿ_ಚೀಲ:

ಧರ್ಮಸಭೆಯ ಪ್ರಶ್ನೆ ಬಾಕಿ ಉಳಿದಿದೆ. ಸ್ವರೂಪದ ಮುಂದೆ ಹೂವಿಟ್ಟ ಹಾಗೆ ಹಣ್ಣು ಇಡುವುದಕ್ಕೆ ಯಾವ ಆಕ್ಷೇಪಣೆಯೂ ಇಲ್ಲ. ಆಗಸ್ಟ್ 15ರ ಸ್ವರ್ಗಸ್ವೀಕಾರದ ಹಬ್ಬದಲ್ಲಿ ಗಿಡಮೂಲಿಕೆ, ಹಣ್ಣುಹಂಪಲು ಆಶೀರ್ವದಿಸುವ ಪದ್ಧತಿ ಹಳೆಯದು. ಎಚ್ಚರಿಕೆ ಬೇಕಾದದ್ದು ಹಣ್ಣಿನ ಬಗ್ಗೆ ಅಲ್ಲ, ಅದರ ಮೇಲೆ ನಾವು ಹೊರಿಸುವ ನಂಬಿಕೆಯ ಬಗ್ಗೆ. ಪ್ರಾರ್ಥನೆಯ ಫಲ ಅಂತರಂಗದ ಸಿದ್ಧತೆಯನ್ನು ಬಿಟ್ಟು ಬರಿಯ ಬಾಹ್ಯ ಆಚರಣೆಯಿಂದಲೇ ಬರುತ್ತದೆ ಎಂದುಕೊಳ್ಳುವುದು ಮೂಢನಂಬಿಕೆ ಎಂದು ಕ್ಯಾಥೊಲಿಕ್ ಧರ್ಮೋಪದೇಶದ 2111ನೇ ಪರಿಚ್ಛೇದ ಹೇಳುತ್ತದೆ.

ಪರೀಕ್ಷಿಸುವುದು ಸುಲಭ. ಇವತ್ತು ಮನೆಯಲ್ಲಿ ನಿಂಬೆ ಇಲ್ಲ ಅಂದುಕೊಳ್ಳಿ. ಜಪಸರ ಹೇಳಲು ಮನಸ್ಸು ಹಿಂಜರಿದರೆ, ಹೇಳಿದರೂ ಸಲ್ಲಲಿಲ್ಲ ಅನಿಸಿದರೆ, ಒಂದು ತಿಂಗಳು ಹಣ್ಣು ಬಿಟ್ಟೇ ಹೇಳಿ. ಕೊಳೆತ ಹಣ್ಣು ಕೆಟ್ಟ ದೃಷ್ಟಿಯನ್ನು ಹೀರಿಕೊಂಡಿತು, ಕೊಳೆಯದ ಹಣ್ಣು ಶುಭಸೂಚನೆ ಎಂಬ ಮಾತು ಶುರುವಾದರಂತೂ ಅದು ಮರಿಯಭಕ್ತಿ ಅಲ್ಲವೇ ಅಲ್ಲ. ಯಾಕೆ ಕೊಳೆಯುತ್ತದೆ ಎಂದು ಮೇಲಿನವರು ಬರೆದಿದ್ದಾರೆ, ಬೂಷ್ಟು.

ಆಶೀರ್ವಾದ: ಜಪಸರವನ್ನು ಆಶೀರ್ವದಿಸಿಕೊಳ್ಳಿ. ಗುರುಗಳಾಗಲಿ ಸೇವಾದರ್ಶಿಗಳಾಗಲಿ (ಡೀಕನ್) ಮಾಡಬಹುದು. ನಿಂಬೆಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಆಶೀರ್ವದಿಸಿದ ವಸ್ತುವನ್ನು ಗೌರವದಿಂದ ಬಳಸಬೇಕು, ಹಣ್ಣು ಆದರೆ ತಿನ್ನಬೇಕು. ತಟ್ಟೆಯಲ್ಲಿಟ್ಟು ಬೂಷ್ಟು ಬರಿಸಿದರೆ ಆಶೀರ್ವಾದದ ಉದ್ದೇಶವೇ ಕೆಟ್ಟಿತು. ಹಾಗೂ ಆಗಿಹೋದರೆ ಶುದ್ಧವಾದ ಮಣ್ಣಲ್ಲಿ ಹೂಳಿ. ಆಶೀರ್ವದಿಸದ ಹಣ್ಣನ್ನು ಧಾರಾಳವಾಗಿ ಅಡುಗೆಗೆ ಬಳಸಿ. ಜಪಸರದ ಒಂದೆರಡು ಮಣಿ ಒಡೆದು ಬದಲಾಯಿಸಿದರೆ, ಕೊಂಡಿ ಹಾಕಿಸಿದರೆ ಆಶೀರ್ವಾದ ಹೋಗುವುದಿಲ್ಲ. ಪೂರ್ತಿ ನಾಶವಾದರೆ ಅಥವಾ ಮಾರಿದರೆ ಹೋಗುತ್ತದೆ.

ಹೆಚ್ಚಿನವರು ಗಮನಿಸದ ವಿಷಯ ಪೂರ್ಣ ಪಾಪದಂಡವಿಮೋಚನೆಯದು, ಅಂದರೆ ಕ್ಷಮೆ ಸಿಕ್ಕ ಪಾಪಗಳಿಗೆ ಇನ್ನೂ ಉಳಿದ ದಂಡವೆಲ್ಲ ಮನ್ನಾ ಆಗುವುದು. ದೇವಾಲಯದಲ್ಲೋ ಕುಟುಂಬದೊಡನೆಯೋ ಜಪಸರ ಹೇಳಿ ಅದನ್ನು ಪಡೆಯಬೇಕೆಂದಿದ್ದರೆ ಐದು ರಹಸ್ಯಗಳನ್ನೂ ನಡುವೆ ನಿಲ್ಲಿಸದೆ, ಬಾಯಲ್ಲಿ ಹೇಳುತ್ತಾ ರಹಸ್ಯ ಧ್ಯಾನಿಸುತ್ತಾ ಮುಗಿಸಬೇಕು. ಜೊತೆಗೆ ಪಾಪನಿವೇದನೆ, ಪರಮಪ್ರಸಾದ (ಕಮ್ಯೂನಿಯನ್) ಸ್ವೀಕಾರ, ಜಗದ್ಗುರುಗಳ ಉದ್ದೇಶಗಳಿಗಾಗಿ ಪ್ರಾರ್ಥನೆ, ಪಾಪದ ಒಲವಿನಿಂದ ದೂರವಿರುವ ಮನಸ್ಸು ಇವೂ ಬೇಕು. ಹಣ್ಣು ಸರಿಸಿದರೆ ನಿಲ್ಲಿಸಿದಂತಲ್ಲ. ನಡುವೆ ಎದ್ದುಹೋಗಿ ಹಣ್ಣು ತರುವುದು, ಕತ್ತರಿಸುವುದು, ಕೈ ತೊಳೆಯುವುದು ಬೇಡ. ಎಲ್ಲವೂ ಮುಂಚೆಯೇ ತಟ್ಟೆಯಲ್ಲಿರಲಿ. ಐದು ದಿನದ ಲವಂಗದ ಕ್ರಮ ಭಕ್ತಿಗೆ ಸರಿ, ಇದಕ್ಕೆ ಸಲ್ಲುವುದಿಲ್ಲ.

ಬಲಿಪೂಜೆಗೆ (ಮಾಸ್) ಮುಂಚೆ ಜಪಸರ ಹೇಳುವವರಾದರೆ ನಿಂಬೆಪಾನಕ ಕುಡಿಯಬೇಡಿ. ಪರಮಪ್ರಸಾದಕ್ಕೆ ಒಂದು ಗಂಟೆ ಮೊದಲಿನಿಂದ ನೀರು ಮತ್ತು ಔಷಧಿ ಮಾತ್ರ. ನಿಂಬೆ ಹಿಂಡಿದ ನೀರು ನೀರಿನ ಲೆಕ್ಕಕ್ಕೆ ಬರುವುದಿಲ್ಲ.

ಹಳದಿಹೂ:

ಎಲ್ಲರಿಗೂ ಧನ್ಯವಾದ. ಒಂದೇ ಹಣ್ಣು, ಮೌನಕ್ಕೆ ಮಾತ್ರ ಎಂದು ಇಟ್ಟುಕೊಳ್ಳುತ್ತೇನೆ. ಇನ್ನೊಂದು ಸಣ್ಣ ಪ್ರಶ್ನೆ: ನಿಂಬೆ ಗಿಡದಿಂದ ತಾನಾಗಿ ಉದುರುವ ಎಳೆ ಕಾಯಿಗಳನ್ನು ಒಣಗಿಸಿ ಮಣಿ ಮಾಡಬಹುದೇ? ಬೀಜದಿಂದ?

ಕೊಂಡಿತಂತಿ:

ಬೀಜ ಬೇಡ. ಒಣಗಿದ ಮೇಲೆ ಸೂಜಿ ತಾಗಿದರೆ ಸೀಳುತ್ತದೆ, ಸಿಪ್ಪೆ ಏಳುತ್ತದೆ, ಹುಳುವೂ ಹಿಡಿಯುತ್ತದೆ.

ಎಳೆ ಕಾಯಿ ಆಗುತ್ತದೆ. ಬಟಾಣಿಗಿಂತ ಸ್ವಲ್ಪ ದೊಡ್ಡವು, ಒಳಗೆ ಇನ್ನೂ ರಸ ಕಟ್ಟದವು, ಗಟ್ಟಿ ಹಸಿರು ಇರುವಾಗಲೇ ಆರಿಸಿ. ಒಣಗುತ್ತಾ ಒಂದೊಂದೂ ಒಂದೊಂದು ಬಗೆಯಲ್ಲಿ ಕುಗ್ಗುತ್ತದೆ, ಕೆಲವು ಸೀಳುತ್ತವೆ. ನಮೋ ಮರಿಯಾದ 53 ಮಣಿ ಬೇಕಿದ್ದರೆ 90-100 ಕಾಯಿ ಇಟ್ಟುಕೊಳ್ಳುವುದು ಕ್ಷೇಮ. ತೂತನ್ನು ಹಸಿಯಲ್ಲೇ, ತೊಟ್ಟಿನಿಂದ ತುದಿಗೆ ಮಾಡಿ. ಒಣಗಿದ ಮೇಲೆ ಮಾಡಲು ಹೋದರೆ ಒಡೆಯುತ್ತದೆ. ಸ್ಟೀಲ್ ತಂತಿಗೆ ಅಥವಾ ಬಿದಿರು ಕಡ್ಡಿಗೆ ಪೋಣಿಸಿ ಒಣಗಿಸಿ. ಕಬ್ಬಿಣದ ತಂತಿ ಬಳಸಿದರೆ ಕಾಯಿಯ ಹುಳಿಗೆ ತುಕ್ಕು ಹಿಡಿದು ತೂತಿನ ಸುತ್ತ ಕಪ್ಪು ಕಲೆ ಉಳಿಯುತ್ತದೆ. ನೆರಳಲ್ಲಿ, ಗಾಳಿಯಲ್ಲಿ ಒಣಗಲಿ. ದಿನಕ್ಕೊಮ್ಮೆ ಕಡ್ಡಿಯ ಮೇಲೆ ಒಂದು ಸುತ್ತು ತಿರುಗಿಸಿ, ಇಲ್ಲದಿದ್ದರೆ ಕಾಯಿ ಕಡ್ಡಿಗೇ ಅಂಟಿಕೊಳ್ಳುತ್ತದೆ.

ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದಾಗ ನಯವಾದ ಮರಳು ಕಾಗದದಿಂದ ತೂತಿನ ಅಂಚು ಮಾತ್ರ ಉಜ್ಜಿ, ಒರಟು ಅಂಚು ದಾರ ಕೊಯ್ಯುತ್ತದೆ. ಲೋಹದ ಕೊಂಡಿ ಬೇಡ, ಗಟ್ಟಿ ನೈಲಾನ್ ದಾರದಲ್ಲಿ ಪ್ರತಿ ಮಣಿಯ ನಡುವೆ ಗಂಟು ಹಾಕಿ ಪೋಣಿಸಿ. ಒಂದು ಮಣಿ ಒಡೆದರೂ ಉಳಿದವು ಚೆಲ್ಲುವುದಿಲ್ಲ. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಹೇಳುವ ಆರು ಮಣಿಗಳಿಗೆ ಮರದ್ದೋ ಗಾಜಿನದ್ದೋ ಬೇರೆ ಮಣಿ ಹಾಕಿ. ಒಣಗಿದ ಕಾಯಿಗಳ ಗಾತ್ರ ಹೇಗೂ ಒಂದೇ ಸಮ ಇರುವುದಿಲ್ಲ, ಬರಿ ಗಾತ್ರ ನಂಬಿದರೆ ಕಣ್ಣು ಮುಚ್ಚಿಕೊಂಡಾಗ ದೊಡ್ಡ ಮಣಿ ಯಾವುದು ಎಂದು ಬೆರಳಿಗೆ ತಿಳಿಯುವುದಿಲ್ಲ. ನೀರು ತಾಗಿಸಬೇಡಿ, ಮತ್ತೆ ಉಬ್ಬಿ ಮೆತ್ತಗಾಗುತ್ತವೆ.